ಕರಿ ಹುಂಜದ ಕತ್ತಿನ ಗರಿ

ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದ ಮೇಲೆ ಬಿಳಿ ದೂಳು ಎದ್ದರೆ ಸಾಕು, ಶಶಿರೇಖಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳ ಊರು ಚಾಂಪಿಯನ್ ರೀಫ್ಸ್‌ನ ಗಾಳಿಗೂ ರಾಮೇಶ್ವರದ ಕಡೆಯ ಕಡಲ ಗಾಳಿಗೂ ನೆಂಟಸ್ತಿಕೆ ಇಲ್ಲವೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮುಖ ತೊಳೆಯುವ ಮೊದಲು ದಿಬ್ಬ ನೋಡುವಳು. ನೀರಿಗೆ ಹೋದವಳು ಬಿಂದಿಗೆ ತುಂಬಿ ಚೆಲ್ಲುವ ತನಕ ದಿಬ್ಬವನ್ನೇ ನೋಡುತ್ತ ನಿಲ್ಲುವಳು. ಹಿಂದೆ ಸಾಲಿನಲ್ಲಿದ್ದವರು, ಇವಳಿಗೆ ಯಾವ ದೇವರು ಬಂದಿದೆಯೋ ಎಂದು ಗೊಣಗುವರು.

ಪಕ್ಕದ ಊರಿಗಾಂನಲ್ಲಿ ಗಣಿ ಕಂಪನಿ ಕಾಲದ ಹಳೆಯ ಕಟ್ಟಡವೊಂದರಲ್ಲಿ ರಾಜ್‌ಕುಮಾರ್ ಎಂಬಾತನ ಶೆಡ್ಡಿದೆ. ಅಲ್ಲಿ ಶಶಿರೇಖ ಏಳು ವರ್ಷದಿಂದ ಗಾಳ ಕಟ್ಟುತ್ತಾಳೆ. ಮೇಜಿಗೆ ಬಿಗಿದ ಇಕ್ಕಳದಂಥ ಸಣ್ಣ ವೈಸಿನ ಬಾಯಿಗೆ ಗಾಳ ಸಿಕ್ಕಿಸಿ, ಅದಕ್ಕೆ ಕೋಳಿಗರಿ, ಮೇಕೆಕೂದಲು, ಕಣ್ಣಿನ ಬದಲಿಗೆ ಮಣಿ ಇಟ್ಟು ದಾರ ಸುತ್ತಿದರೆ ಒಂದು ಸಿಗಡಿಯೋ ಏಡಿಮರಿಯೋ ಆಗುತ್ತದೆ. ಸಮುದ್ರದ ದಡದ ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ಹಿಡಿಯುವ ಶೋಕಿಯವರು ಅದನ್ನು ಕೊಳ್ಳುತ್ತಾರೆ. ಹಿಡಿದು, ಫೋಟೋ ತೆಗೆಸಿಕೊಂಡು, ಮೀನನ್ನು ಮತ್ತೆ ನೀರಿಗೇ ಬಿಡುತ್ತಾರಂತೆ. ಅವರು ಅದಕ್ಕೆ ಫ್ಲೈ ಎನ್ನುತ್ತಾರೆ. ಶೆಡ್ಡಿನ ಹೆಂಗಸರಿಗೆ ಅದು ನೊಣ. ನೊಣದಂತೆ ಕಾಣುವುದು ಅದರಲ್ಲಿ ಒಂದೂ ಇಲ್ಲ.

ಚಳಿ ಹೋಗಿ ಹೊಂಗೆ ಚಿಗುರುವ ಹೊತ್ತಿಗೆ ರಾಮೇಶ್ವರದ ಕಡೆಯ ನೀರು ಬೆಚ್ಚಗಾಗಿ ಮೀನು ದಡಕ್ಕೆ ಬರುತ್ತದೆ. ಆಗ ರಾಜ್‌ಕುಮಾರ್ ಶೆಡ್ಡಿನಿಂದ ಒಬ್ಬಳನ್ನು ಅಲ್ಲಿಗೆ ಕಳಿಸುತ್ತಾನೆ. ನೀರಿನ ಬಣ್ಣ ಒಂದು ದಿನ ಇದ್ದಂತೆ ಮರುದಿನ ಇರುವುದಿಲ್ಲವಲ್ಲ, ಆ ದಿನದ ನೊಣವನ್ನು ಆ ದಿನವೇ ಕಟ್ಟಬೇಕು. ಹೋದ ವರ್ಷ ಕಲ್ಪನ ಹೋಗಿದ್ದಳು. ದೋಣಿಯಲ್ಲಿ ವಾಂತಿ ಮಾಡಿಕೊಂಡಳೇ ಹೊರತು ತಲೆಯೆತ್ತಿ ಏನನ್ನೂ ನೋಡಲಿಲ್ಲ. ಈ ವರ್ಷ ಶಶಿರೇಖಳ ಸರದಿ.

ಸಮುದ್ರ ಅವಳಿಗೆ ಹೊಸದಲ್ಲ. ಮದ್ರಾಸಿನ ನೆಂಟರ ಮದುವೆಗೆ ಹೋದಾಗ ನೋಡಿದ್ದಾಳೆ. ತಾನು ಕಟ್ಟಿದ್ದಕ್ಕೆ ಒಂದು ಮೀನು ಬಾಯಿ ಹಾಕುವುದನ್ನು ಕಣ್ಣಾರೆ ನೋಡಬೇಕೆಂಬುದು ಅವಳ ಆಸೆ, ಅಷ್ಟೇ.

ಅಷ್ಟರಲ್ಲಿ ಕಡಲ ದಡದಿಂದ ವೆಂಕಿಯ ದನಿ ಫೋನಿಗೆ ಬಂತು. ವೆಂಕಿ ಬಂಗಾರಪೇಟೆಯವನು, ಅಲ್ಲಿ ರಾಜ್‌ಕುಮಾರನ ದೋಣಿ ನೋಡಿಕೊಳ್ಳುತ್ತಾನೆ.

“ಅಕ್ಕಾ, ಗಾಳಿ ಬಿಡ್ತಾನೇ ಇಲ್ಲ. ನೀರೆಲ್ಲ ರಾಗಿ ಅಂಬಲಿ ಆಗೋಗಿದೆ. ಬಿಳಿ ನೊಣ ಮೀನಿನ ಮೂಗಿನ ಮುಂದಕ್ಕೋದ್ರೂ ಅದುಕ್ಕೆ ಕಾಣಾಕಿಲ್ಲ. ಕರೀದು ಬೇಕು, ಬಣ್ಣ ಹಾಕಿದ್ದು ಬ್ಯಾಡ.”

ಕಲಕಿದ ನೀರಿನಲ್ಲಿ ಕರಿಯದು ನೆರಳಿನ ಹಾಗೆ ನಿಂತು ಕಾಣುತ್ತದೆ. ಶೆಡ್ಡಿನಲ್ಲಿದ್ದದ್ದು ಬಣ್ಣದಲ್ಲಿ ಅದ್ದಿದ ಗರಿ. ಉಪ್ಪುನೀರು ತಾಗಿದರೆ ಹಳೆಯ ಛತ್ರಿಯ ಹಾಗೆ ಕಂದಾಗುತ್ತದೆ. ಹುಟ್ಟುಗಪ್ಪಿನ ಗರಿ ಯಾರು ತರುತ್ತೀರಿ ಎಂದು ರಾಜ್‌ಕುಮಾರ್ ಕೇಳಿದ. ಶಶಿರೇಖ ಹಿಂದುಮುಂದು ನೋಡದೆ, ನಾನು ತರುತ್ತೇನೆ ಎಂದುಬಿಟ್ಟಳು. ಹಾಗಾದರೆ ಗರಿ ತಾ, ಟಿಕೆಟ್ ಮಾಡಿಸಿಬಿಡುತ್ತೇನೆ ಎಂದು ಆತ ಹೇಳಿದ.

ಮನೆಯಲ್ಲಿ ಕರಿ ಹುಂಜವಿತ್ತು. ಕತ್ತಿನ ಗರಿ ಬಿಸಿಲಿಗೆ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು. ಆದರೆ ಅದರ ಕಾಲಲ್ಲಿ ಅರಿಶಿನದ ದಾರವೂ ಇತ್ತು.

ಅದು ಅತ್ತೆ ಅಮ್ಮಾಜಮ್ಮ ಮುನೇಶ್ವರನಿಗೆ ಹೊತ್ತ ಹರಕೆ. ಶಶಿರೇಖಳ ಗಂಡ ಸುಬ್ರಮಣಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಣ್ಣ ಹೊಡೆಯುತ್ತಿದ್ದವನು. ಗೋಡೆಗೆ ಕಟ್ಟಿದ ಸಾರವೆಯಿಂದ ಬಿದ್ದು ಕಾಲು ಮುರಿದುಕೊಂಡ. ಮಗ ಕೋಲಿಲ್ಲದೆ ಮನೆಯಿಂದ ನಡೆದು ಬಂದು ನಿನ್ನ ಕಲ್ಲು ಮುಟ್ಟಲಿ, ಕರಿ ಹುಂಜ ಕೊಡುತ್ತೇನೆ ಎಂದು ಮುದುಕಿ ಕೈಮುಗಿದಳು. ಬರೀ ವಾಸಿಯಾಗಲಿ ಎಂದಿದ್ದರೆ ಎಂದೋ ತೀರುತ್ತಿತ್ತು. ಆಡಿದ ಹರಕೆಯನ್ನು ಆಮೇಲೆ ಕತ್ತರಿಸಿ ಹೊಲಿಯಲು ಬರುವುದಿಲ್ಲ. ದಾರ ಕಟ್ಟಿದ ಮೇಲೆ ಹುಂಜದ ಮೈಯಿಂದ ಒಂದು ಗರಿ ಕಿತ್ತರೂ ಹರಕೆಗೆ ಊನ. ತಾನಾಗಿ ಉದುರಿದ್ದನ್ನೂ ಮುದುಕಿ ಆಯ್ದು ಹೆಂಚಿನ ಸಂದಿಯಲ್ಲಿ ಸಿಕ್ಕಿಸುತ್ತಿದ್ದಳು.

ಮೂಳೆ ಕೂಡಿ ಎಷ್ಟೋ ದಿನವಾಗಿತ್ತು. ಕೋಲು ಬಿಸಾಕು ಎಂದು ಡಾಕ್ಟರು ಹೇಳಿಯೂ ಆಗಿತ್ತು. ಸುಬ್ರಮಣಿ ಮಾತ್ರ ಕೋಲು ಬಿಡಲೊಲ್ಲ.

“ಲೇ, ನಿನ್ ಕಾಲು ನೆಟ್ಟಗದೆ ಕಣ್ಲಾ. ಕುಂಟ್ತಾ ಇರೋದು ನಿನ್ ಗುಂಡಿಗೆ,” ಎಂದು ಅಮ್ಮಾಜಮ್ಮ ಚುಚ್ಚುವಳು. ಅವನು ಕೇಳಿಸದವನ ಹಾಗೆ ಬೀಡಿ ಹಚ್ಚುವನು.

ಶಶಿರೇಖ ಕೂತಲ್ಲಿ ಕೂರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಮುದ್ದೆಗೆ ಇಟ್ಟ ಎಸರು ಕುದ್ದು ಬತ್ತಿತು. ಹುಂಜದ ಹತ್ತಿರ ಹೋಗುವಳು, ಕೈ ಚಾಚುವಳು, ಅರಿಶಿನದ ದಾರ ಕಂಡು ಕೈ ಹಿಂದಕ್ಕೆ ಎಳೆದುಕೊಳ್ಳುವಳು. ಹುಂಜವಾದರೋ ಯಜಮಾನನ ಹಾಗೆ ಅವಳನ್ನೇ ಓರೆಗಣ್ಣಿನಲ್ಲಿ ನೋಡುವುದು. ಗಾಳಿ ಇವತ್ತು ನಿಂತರೆ ಕರಿ ನೊಣ ಬೇಕಿಲ್ಲ, ತಾನು ಹೋಗುವುದೂ ನಿಂತಿತು; ನಿಲ್ಲದಿದ್ದರೆ ಗರಿ ಎಲ್ಲಿಂದ ತರಲಿ? ಹೇಗೆ ಎಣಿಸಿದರೂ ನೆಮ್ಮದಿ ಇಲ್ಲ.

ಸಂಜೆ ಗಂಡನ ಮುಂದೆ ಊಟದ ತಟ್ಟೆ ಇಟ್ಟು ಅಲ್ಲೇ ಕೂತಳು. ಅವನು ಅವಳಿಗೆ ಸೋದರಮಾವನೇ. ಮದುವೆಯಾದ ಮೇಲೂ ಹಾಗೆಯೇ ಕರೆಯುತ್ತಾಳೆ.

“ಮಾವಾ, ನಾಯಿ ಕೋಳಿಮರಿ ಕಚ್ಕಂಡ್ ಓಡ್ದಾಗ ಅದ್ರ ಇಂದೆ ಬೇಲಿಗಂಟ ಓಡಿದ್ರಲ್ಲ. ಆವತ್ತು ಕೋಲು ಎಲ್ಲಿತ್ತು?”

ಸುಬ್ರಮಣಿ ಮುದ್ದೆ ಮುರಿದವನು ಬಾಯಿಗಿಡಲಿಲ್ಲ. ಅರ್ಧ ದಾರಿಯಲ್ಲಿ ಬಿದ್ದರೆ ಊರೆಲ್ಲ ನೋಡುತ್ತದೆ ಎಂದ. ಕಲ್ಲು ಮುಟ್ಟಿಬಿಟ್ಟರೆ ನಾಳೆಯೇ ಮತ್ತೆ ಸಾರವೆ ಹತ್ತಬೇಕು, ಅದನ್ನು ನೆನೆದರೆ ಅಂಗಾಲು ಬೆವರುತ್ತದೆ ಎಂದ. ಅಷ್ಟು ಹೇಳಿದ ಮೇಲೆ ಅವಳ ಮೇಲೆಯೇ ತಿರುಗಿದ.

“ಅಷ್ಟು ದೂರ ಓಗಿ ಮೀನು ನೋಡಿದ್ರೆ ನಿಂಗೇನು ಬತ್ತದೆ?”

“ಏಳು ವರ್ಷದಿಂದ ಉಣ್ಣಾಕಿಕ್ತಾ ಇವ್ನಿ ಮಾವಾ. ಉಂಡೋರ ಮಖ ಒಂದ್ಸಲ ನೋಡ್‌ಬ್ಯಾಡ್ವಾ?”

ಅವನು ಉಂಡು ಕೈ ತೊಳೆದು ಗೋಡೆ ಕಡೆ ತಿರುಗಿ ಮಲಗಿದ.

ಬೆಳಗ್ಗೆ ನೋಡಿದರೆ ಕೋಲು ಬಾಗಿಲ ಮೂಲೆಯಲ್ಲಿತ್ತು, ಸುಬ್ರಮಣಿ ಬೀದಿಯಲ್ಲಿದ್ದ. ಅಮ್ಮಾಜಮ್ಮ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡಳು. ಶಶಿರೇಖ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಿಂದೆ ನಡೆದಳು. ಮುನೇಶ್ವರನ ಕಲ್ಲು ದಿಬ್ಬದ ಆಚೆ, ಬೇವಿನ ಮರದ ಬುಡದಲ್ಲಿದೆ. ಸುಬ್ರಮಣಿ ಗೋಡೆ ಹಿಡಿದು ನಡೆದ, ಗೋಡೆ ಮುಗಿದ ಮೇಲೆ ಗಾಳಿ ಹಿಡಿದು ನಡೆದ. ಬಾಗಿಲಲ್ಲಿ ನಿಂತವರು ನಿಂತೇ ಇದ್ದರು.

ದಿಬ್ಬದ ಬುಡಕ್ಕೆ ಬಂದಾಗ ಫೋನ್ ಗುಣುಗುಟ್ಟಿತು. ಶಶಿರೇಖ ಕಿವಿಗಿಟ್ಟುಕೊಂಡಳು. ಬೆಳಗಿನ ಜಾವ ಗಾಳಿ ಬಿದ್ದುಹೋಯಿತು, ನೀರು ಕನ್ನಡಿಯಾಗಿದೆ, ಬಿಳಿಯದಕ್ಕೇ ಮೀನು ಬರುತ್ತಿದೆ, ನೀನು ಸುಮ್ಮನೆ ಶ್ರಮ ತಗೋಬೇಡ ಎಂದು ವೆಂಕಿ ಹೇಳುತ್ತಿದ್ದ. ಅವಳು ತಲೆಯೆತ್ತಿದಳು. ದಿಬ್ಬದ ಮೇಲೆ ಒಂದು ಕಣ ದೂಳೂ ಏಳುತ್ತಿರಲಿಲ್ಲ. ಅಲ್ಲೇ ನಿಂತುಬಿಟ್ಟಳು.

ಮುಂದೆ ಹೋಗುತ್ತಿದ್ದವನು ತಿರುಗದೆಯೇ, “ಯಾಕೆ ನಿಂತೆ? ಬಾ,” ಎಂದ. ಇಷ್ಟು ತಿಂಗಳಲ್ಲಿ ಅವನು ಅವಳಿಗಿಂತ ಮುಂದಿದ್ದದ್ದು ಅದೇ ಮೊದಲು. ಫೋನನ್ನು ಸೊಂಟಕ್ಕೆ ಸಿಕ್ಕಿಸಿ ನಡೆದಳು.

ಅವನು ಕಲ್ಲು ಮುಟ್ಟಿದ. ಹುಂಜ ಮುನೇಶ್ವರನಿಗೆ ಸಂದಿತು. ದೇವರಿಗೆ ಒಪ್ಪಿಸಿದ ಮೇಲೆ ಮಾಂಸ ಮನೆಯವರದು, ಗರಿ ಯಾರದೂ ಅಲ್ಲ. ಬಿಸಿನೀರು ಸೋಕಿದರೆ ಗರಿ ಕೆಡುತ್ತದೆಂದು ಸೊಸೆಯ ಬಾಯಲ್ಲಿ ಎಂದೋ ಕೇಳಿದ್ದ ಅಮ್ಮಾಜಮ್ಮ, ನೀರಿಗೆ ಹಾಕುವ ಮೊದಲೇ ಕತ್ತಿನ ಗರಿಯನ್ನೆಲ್ಲ ಒಣಗಿದ್ದ ಹಾಗೆಯೇ ಬಿಡಿಸಿ ಅವಳ ಸೆರಗಿಗೆ ಸುರಿದಳು.

“ಅಲ್ಲಿ ಯಾಕೆ ನಿಂತಿದ್ದೆ?” ಎಂದು ಸುಬ್ರಮಣಿ ಕೇಳಿದ. ಅವಳು ಇದ್ದದ್ದನ್ನು ಹೇಳಿದಳು.

“ಅಂಗಾರೆ ಅಲ್ಲಿಂದ್ಲೇ ತಿರುಗಬೌದಿತ್ತಲ್ಲ?”

“ತಿರುಗಿದ್ರೆ ನೀವು ತಿರಗಾ ಕೋಲು ಇಡ್ಕಂತಿದ್ರಿ.”

ಅವನು ಬೇವಿನ ಬೇರಿನ ಮೇಲೆ ಕೂತು ಕಾಲು ನೀವಿಕೊಂಡ. ಸಾರವೆ ಹತ್ತುವ ಮಾತು ನೀನು ಬಂದ ಮೇಲೆ ನೋಡೋಣ, ಮೊದಲು ನಿನ್ನ ದಾರಿ ನೋಡು ಎಂದ.

ಮಧ್ಯಾಹ್ನ ರಾಜ್‌ಕುಮಾರನೇ ಫೋನ್ ಮಾಡಿ, ನಿನ್ನ ಮಾತಿನ ಮೇಲೆ ಟಿಕೆಟ್ ಮಾಡಿಸಿಬಿಟ್ಟಿದ್ದೇನೆ, ಗಾಳಿ ಬಿತ್ತಂತಲ್ಲ, ರದ್ದು ಮಾಡಿಸಲೇ ಎಂದು ಕೇಳಿದ. ಬೇಡ ಎಂದಳು. ಈ ಕಾಲದ ಗಾಳಿಯನ್ನು ನಂಬಲಾಗುವುದಿಲ್ಲ, ಇವತ್ತು ಬಿದ್ದದ್ದು ನಾಳೆ ಏಳುತ್ತದೆ ಎಂದಳು. ಆತ ನಕ್ಕು, ಸರಿ ಹೋಗಿ ಬಾ, ಕಲ್ಪನಳ ಹಾಗೆ ಮಾಡಿಕೊಳ್ಳಬೇಡ ಎಂದ.

ಸಂಜೆ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಗಂಡಹೆಂಡಿರು ಬಂಗಾರಪೇಟೆಗೆ ಬಂದರು. ಅವನು ಅವಳ ಚೀಲ ಹೊತ್ತು ಮೇಲ್ಸೇತುವೆಯ ಮೆಟ್ಟಿಲು ಹತ್ತಿದ. ನಡುವೆ ಒಮ್ಮೆ ಕಂಬಿ ಹಿಡಿದು ನಿಂತ, ಮತ್ತೆ ಹತ್ತಿದ. ಪ್ಲಾಟ್‌ಫಾರ್ಮಿನಲ್ಲಿ ಅವಳು ಕೂರಲಿಲ್ಲ, ನಿಲ್ಲಲಿಲ್ಲ. ಈ ತುದಿಯಿಂದ ಆ ತುದಿಗೆ ನಡೆದಾಡುತ್ತ ಗರಿಯ ಡಬ್ಬಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಅವಳು ಹತ್ತಬೇಕಾದ, ಜೋಲಾರ್‌ಪೇಟೆ ಕಡೆಗೆ ಹೋಗುವ ರೈಲಿನ ದೀಪ ಕಂಡಾಗ ಸುಬ್ರಮಣಿ ಕೇಳಿದ, “ಅಲ್ಲಿ ಗಾಳಿ ಏಳ್ದೇ ಓದ್ರೆ?”

“ಬಿಳೀದ್ರಲ್ಲೇ ನೋಡ್ತೀನಿ ಬುಡಿ. ಕರೀದೇ ಬೇಕು ಅಂತ ಮೀನೇನು ಹರಕೆ ಹೊತ್ತಿಲ್ವಲ್ಲ.”