ತರಚಿದ ಮೊಣಕಾಲು

ಅಣ್ಣನ ಮೈಗೆ ನೀರು ಹಾಕುತ್ತಿದ್ದ ಅಮೋಘಸಿದ್ದನ ಕೈ ಮೊಣಕಾಲಿನ ಹತ್ತಿರ ನಿಂತಿತು. ಎರಡೂ ಮೊಣಕಾಲು ತರಚಿದ್ದವು. ಕೆಲವು ಗಾಯ ಹಳೆಯವು, ಒಂದೆರಡು ಇನ್ನೂ ಹಸಿ.

ನಿಡೋಣಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಆಟ ಕಲಿಸಿದ ಅವನ ಅಣ್ಣ ಧೂಳಪ್ಪ ಮಾಸ್ತರರಿಗೆ ಹೋದ ವರ್ಷ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ನಿನ್ನೆ ಸಂಜೆ ಚಹಾ ಕುಡಿದು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ.

ಅಮೋಘಸಿದ್ದ ಒದ್ದೆ ಕೈಯಲ್ಲೇ ಒಳಗೆ ಬಂದ. "ವೈನಿ, ಅಣ್ಣ ದಿನಾ ಬೀಳ್ತಿದ್ನೇನ್ರಿ?"

"ಬೀಳ್ತಿದ್ರು," ಎಂದಳು ಬೋರವ್ವ.

"ಆವಾಗ ನೀವೆಲ್ಲಿ ಇರ್ತಿದ್ರಿ?"

"ಅಲ್ಲೇ, ಕಟ್ಟಿ ಮ್ಯಾಲ. ನೋಡಕೋತ ಕುಂದಿರ್ತಿದ್ದೆ."

ಸುತ್ತಲಿನ ಹೆಂಗಸರ ಅಳು ಸಣ್ಣಗಾಯಿತು.

"ಹೆಂಡ್ತಿ ಆಗಿ ನೋಡಕೋತ ಕುಂತ್ರಿ," ಎಂದ ಅಮೋಘಸಿದ್ದ. "ಒಂದ ಕೈ ಹಿಡದು ನಡಸಾಕ ಆಗಲಿಲ್ಲ."

ಬಾಗಿಲ ಬಳಿ ಕುಳಿತಿದ್ದ ಭಾಗ್ಯಾ ತಲೆ ಎತ್ತಿ ಬೋರವ್ವನನ್ನು ನೋಡಿದಳು. ಭಾಗ್ಯಾ ಮಾಸ್ತರರ ಹಳೆಯ ವಿದ್ಯಾರ್ಥಿನಿ. ಈಗ ತಿಕೋಟಾದ ಶಾಲೆಯೊಂದರಲ್ಲಿ ತಾನೂ ಆಟ ಕಲಿಸುತ್ತಾಳೆ.

*

ಆಗ ಭಾಗ್ಯಾ ಒಂಬತ್ತನೆಯ ತರಗತಿ. ಖೋಖೋ ಆಡುವಾಗ ಓಡಿಬಂದು ಕಂಬ ಹಿಡಿದು ತಿರುಗಬೇಕು. ಅವಳು ಪ್ರತಿ ಸಲ ಜಾರಿ ಬೀಳುತ್ತಿದ್ದಳು. ಬೇರೆ ಶಾಲೆಯ ಹುಡುಗಿಯರು ಒಂದೇ ಕಡೆಯಿಂದ ಐವತ್ತೈವತ್ತು ಸಲ ತಿರುಗಿ ಪಳಗುತ್ತಿದ್ದರು. ಮಾಸ್ತರರು ಹಾಗೆ ಬಿಡುತ್ತಿರಲಿಲ್ಲ. ಒಮ್ಮೆ ಎಡದಿಂದ ಓಡು, ಒಮ್ಮೆ ಬಲದಿಂದ, ನಡುವೆ ಯಾರಿಗೋ ಖೋ ಕೊಟ್ಟು ಬಾ. ಎರಡು ಸಲ ಒಂದೇ ಥರ ಇರುತ್ತಿರಲಿಲ್ಲ. ಬಿದ್ದರೆ ತಪ್ಪೇನೆಂದು ಹೇಳುತ್ತಲೂ ಇರಲಿಲ್ಲ.

"ಸರ್, ಕಾಲ ಎಲ್ಲಿ ಇಡಬೇಕು ಹೇಳ್ರಿ," ಎಂದು ಒಂದು ದಿನ ಅತ್ತೇಬಿಟ್ಟಳು.

"ಬೀಳುವಾಗ ನಿನಗೇನ ಅನಸ್ತು, ಮದ್ಲ ಅದನ್ನ ಹೇಳು."

"ಮೈ ಮುಂದ ಹೋತ್ರಿ. ಕಾಲ ಹಿಂದ ಉಳೀತು."

"ಗೊತ್ತಾತಲ್ಲ ಮತ್ತ. ಓಡು. ನಾ ಹೇಳಿಕೊಟ್ಟದ್ದು ಈ ಮೈದಾನದಾಗಷ್ಟ ನಡೀತದ. ಬಬಲೇಶ್ವರದಾಗ ನಿನ್ನ ಕಾಲಿಗೆ ಯಾರ ಹೇಳ್ತಾರ?"

ಬಬಲೇಶ್ವರದ ಪಂದ್ಯದ ದಿನ ನೆಲ ಸಣ್ಣ ಕಲ್ಲು ಬೆರೆತ ಗರಸು ಮಣ್ಣಿನದು, ಕಂಬವೂ ದಪ್ಪ. ಐವತ್ತು ಸಲ ತಿರುಗಿದವರು ಅಲ್ಲಿ ಎಡವಿದರು. ಭಾಗ್ಯಾ ಎಡವಲಿಲ್ಲ. ಗೆದ್ದು ಬರುವಾಗ ಹುಡುಗಿಯರು ಟೆಂಪೊದಲ್ಲಿ ಗಂಟಲು ಕಟ್ಟುವವರೆಗೆ ಹಾಡಿದರು. ಮಾಸ್ತರರು ಬಾಳೆಹಣ್ಣಿನ ಚೀಲ ಅಪ್ಪಿಕೊಂಡು ನಿದ್ದೆ ಹೋಗಿದ್ದರು.

*

ಮಣ್ಣು ಕೊಟ್ಟು ಬಂದವರೆಲ್ಲ ಚದುರಿದ ಮೇಲೆ ಭಾಗ್ಯಾ ಬೋರವ್ವನ ಪಕ್ಕ ಕುಳಿತಳು. ಅಮೋಘಸಿದ್ದ ಎದುರಿಗೇ ಇದ್ದ.

"ಅವ್ವಾರ, ಕೈ ಬಿಡು ಅಂತ ಸರೇ ಹೇಳಿದ್ರೇನ್ರಿ?"

ಬೋರವ್ವ ಹೌದೆಂದು ತಲೆ ಆಡಿಸಿದಳು. "ಮದ್ಲ ನಾ ಹಿಡಕೊಂಡೇ ನಡಸ್ತಿದ್ದೆ. ಅಂಗಳದಾಗ ಚಂದ ನಡೀತಿದ್ರು. ಹೊಸ್ತಿಲಕ್ಕ ಬಂದ್ರ ಕಾಲ ಏಳತಿರಲಿಲ್ಲ. ಒಂದಿನಾ ತೊದಲಕೋತ ಅಂದ್ರು, 'ನೀ ನಡ್ಯಾಕತ್ತೀದಿ, ನಾ ಅಲ್ಲ.' ಅವತ್ತ ಬಿಟ್ಟೆ, ಕೈಯಾಗ ಕೋಲ ಕೊಟ್ಟೆ. ತಲಿ ಬಡೀಬಾರದು ಅಂತ ಸುತ್ತ ಹುಲ್ಲ ಹಾಸ್ತಿದ್ದೆ. ಬಿದ್ದಾಗ ಸೆರಗ ಬಾಯಾಗ ತುರಕೊಂಡು ಕುಂದಿರ್ತಿದ್ದೆ ನಮ್ಮವ್ವಾ, ಓಡಿ ಹೋಗಿ ಎಬ್ಬಸ್ತೀನೇನೋ ಅಂತ."

"ಈ ವಯಸ್ಸಿನಾಗ ಯಾಕ ಬೇಕಿತ್ತು ಅವಗ?" ಎಂದ ಅಮೋಘಸಿದ್ದ.

"ಹಿತ್ತಲದಾಗ ಹೋಗಿ ನೋಡು, ತಮ್ಮಾ."

ಹಿತ್ತಲಲ್ಲಿ ಕಲ್ಲು ಜೋಡಿಸಿದ ಮೂರು ಮೆಟ್ಟಿಲುಗಳು ಬಿಡಿಬಿಡಿಯಾಗಿ ಇದ್ದವು, ಒಂದಕ್ಕಿಂತ ಒಂದು ಎತ್ತರ. ಮೂರನೆಯದರ ಮೇಲಿನ ಚಪ್ಪಡಿ ಎಡಕ್ಕೆ ವಾಲಿತ್ತು. ಅಮೋಘಸಿದ್ದ ಗೇಣು ಹಾಕಿ ನೋಡಿದ. ಬಿಜ್ಜರಗಿಯ ತನ್ನ ಮನೆಯ ಹೊಸ್ತಿಲು ಅಷ್ಟೇ ಎತ್ತರ, ಅದೇ ಕಡೆಗೆ ಅಷ್ಟೇ ಓರೆ.

"ಯುಗಾದಿಗೆ ನಿಮ್ಮ ಮನಿಗೆ ಬಂದಾಗ ನೀ ಅವ್ರನ್ನ ಎತಗೊಂಡು ಒಳಗ ಒಯ್ದಿದ್ದಿಯಲ್ಲ," ಎಂದಳು ಹಿಂದೆ ಬಂದು ನಿಂತ ಬೋರವ್ವ. "ಅವತ್ತಿನಿಂದ ಇದನ್ನ ಹಚಕೊಂಡಿದ್ರು. ಬರೂ ಸೋಮವಾರ ನಿಮ್ಮ ಮನಿಗೆ ಬರಾವ್ರಿದ್ರು."

ಅಮೋಘಸಿದ್ದ ಕುಕ್ಕರಗಾಲಲ್ಲಿ ಕುಳಿತ. ಚಪ್ಪಡಿಯ ಆಚೆಗಿನ ಮೆತ್ತನೆ ಮಣ್ಣಿನಲ್ಲಿ ಎಡಗಾಲಿನ ಗುರುತಿತ್ತು; ಹಿಮ್ಮಡಿಯಿಂದ ಐದೂ ಬೆರಳಿನವರೆಗೆ ಪೂರ್ತಿ ಊರಿದ್ದು. ಪಕ್ಕದಲ್ಲಿ ಕೋಲಿನ ಗುರುತು ಇರಲಿಲ್ಲ.