ಚಂದ್ರಶಿಲೆಯ ಹಿಮದಲ್ಲಿ ಜಾರಿದ ಲಿಂಗ

ಊಟಕ್ಕೆ ಕುಳಿತ ಬೀಗರನ್ನು ತಟ್ಟೆಯ ಮುಂದಿನಿಂದ ಎಬ್ಬಿಸಿ ಕಳಿಸಿದ ಮನುಷ್ಯ ನನ್ನ ಗಂಡ ವೀರಭದ್ರಯ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಬಂದವರು ಹಿರೇಹಡಗಲಿಯವರು, ನಮ್ಮ ಮಗಳ ಸ್ವಂತ ಮಾವ. ಅವರ ಕೊರಳಲ್ಲಿ ಇಷ್ಟಲಿಂಗ ಇರಲಿಲ್ಲ. ಹೊಳೆಯಲ್ಲಿ ಈಜುವಾಗ ಕಳೆಯಿತು, ಹೊಸದು ಕಟ್ಟಿಸಿಕೊಳ್ಳಬೇಕು ಎಂದರು ಪಾಪ. "ಹಂಗಾರ ಕಟ್ಟಿಸ್ಕೊಂಡು ಬಂದು ಉಣ್ರಿ" ಎಂದರು ನಮ್ಮ ಯಜಮಾನರು. ಹೋಳಿಗೆಯ ಮೇಲೆ ತುಪ್ಪ ಹಾಕುತ್ತಿದ್ದ ನಾನು ಮಿಳ್ಳೆ ಹಿಡಿದುಕೊಂಡೇ ಕಲ್ಲಾಗಿ ನಿಂತೆ. ಅಂದಿನಿಂದ ಆ ಬೀಗರು ನಮ್ಮ ಹೊಸ್ತಿಲು ತುಳಿದಿಲ್ಲ.

ನಮ್ಮಲ್ಲಿ ಗುರುಗಳು ಚಿಕ್ಕಂದಿನಲ್ಲೇ ಗಂಡಿಗೂ ಹೆಣ್ಣಿಗೂ ಲಿಂಗ ಕಟ್ಟುತ್ತಾರೆ. ದೊಡ್ಡ ಬೋರೆಹಣ್ಣಿನಷ್ಟು ಕರಿ ಲಿಂಗ, ಬೆಳ್ಳಿಯ ಕರಡಿಗೆಯೊಳಗೆ ಇಟ್ಟು ದಾರದಲ್ಲಿ ಕೊರಳಿಗೆ. ದಿನಾ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೆಯೇ ಊಟ. ಕಳೆದುಕೊಂಡವರು ಗುರುಗಳ ಹತ್ತಿರ ಹೋಗಿ ಹೊಸದು ಕಟ್ಟಿಸಿಕೊಳ್ಳುವುದು ಉಂಟು, ಯಾರೂ ದೊಡ್ಡದು ಮಾಡುವುದಿಲ್ಲ. ನಮ್ಮವರು ಮಾತ್ರ ಹಾಗಲ್ಲ. "ಒಂದು ಜೀವಕ್ಕ ಒಂದು ಲಿಂಗ. ಅದು ಹೋತು ಅಂದ್ರ ಜೀವಾನೂ ಹೋತು ಅಂತ ತಿಳ್ಕೋಬೇಕು" ಎನ್ನುವವರು. ತಮ್ಮ ಲಿಂಗವನ್ನು ಹೆಂಡತಿಯೂ ಮುಟ್ಟುವಂತಿಲ್ಲ. ಮೂವತ್ತೈದು ವರ್ಷ ಸಂಸಾರ ಮಾಡಿ ನಾನು ಅದನ್ನು ದೂರದಿಂದಲೇ ನೋಡಿದ್ದೆ.

ಅವರು ಕೂಡ್ಲಿಗಿ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ನಿವೃತ್ತರಾಗಿ ಕೊಟ್ಟೂರಿನ ಮನೆಗೆ ಬಂದರೂ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಹಾಲಿಗೆ ನೀರು ಹೆಚ್ಚಾಯಿತೆಂದು ಹಾಲಿನವನಿಗೆ ಚೀಟಿ ಬರೆದರೂ ಮೇಲೆ 'ವಿಷಯ' ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಜವಾಬು ಬರದಿದ್ದರೆ ಒಂದನೇ ಜ್ಞಾಪನ ಪತ್ರ, ಎರಡನೇ ಜ್ಞಾಪನ ಪತ್ರ. ಆ ಹಾಲಿನವನಿಗೆ ಓದಲು ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

೧೯೯೮ರ ಮೇ ತಿಂಗಳಲ್ಲಿ ಗುರುಸಂಗಪ್ಪನ ಜೊತೆ ನಾವು ಹದಿನಾಲ್ಕು ಮಂದಿ ಕೇದಾರಕ್ಕೆ ಹೋದೆವು. ಗುರುಸಂಗಪ್ಪ ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿಯವನು, ಮೊದಲೇ ಎರಡು ಸಲ ಹೋಗಿ ಬಂದವನು, ಹಿಂದಿ ಚೆನ್ನಾಗಿ ಆಡುತ್ತಾನೆ. ಕೇದಾರದ ದರ್ಶನ ಸುಸೂತ್ರವಾಗಿ ಮುಗಿಯಿತು. ಮುಗಿದ ಮೇಲೆ ಸುಮ್ಮನೆ ಊರಿಗೆ ಬರಬೇಕೋ ಬೇಡವೋ? ತುಂಗನಾಥ ನೋಡಬೇಕು, ಅದರ ಮೇಲಿನ ಚಂದ್ರಶಿಲೆಯ ತುದಿಯಲ್ಲಿ ಕುಳಿತು ಲಿಂಗಪೂಜೆ ಮಾಡಬೇಕು ಎಂದು ನಮ್ಮವರು ಹಟ ಹಿಡಿದರು. ಹನ್ನೆರಡು ಸಾವಿರ ಅಡಿಗಿಂತ ಎತ್ತರದ ಶಿಖರ ಅದು. ಮನೆಯ ಮಾಳಿಗೆ ಹತ್ತಿದರೆ ಏದುಸಿರು ಬಿಡುವ ಮನುಷ್ಯ ಇವರು.

ಊಖೀಮಠದಲ್ಲಿ ಹಾಲಸ್ವಾಮಿ ಎಂಬ ಪೂಜಾರಿ ಸಿಕ್ಕರು. ಹರಪನಹಳ್ಳಿ ಕಡೆಯವರು, ಅಲ್ಲಿ ನೆಲೆಸಿ ಇಪ್ಪತ್ತು ವರ್ಷವಾಗಿತ್ತು. ದಾರಿ ಹೇಗಿದೆ ಎಂದು ಕೇಳಿದ್ದಕ್ಕೆ ಅವರು ಮೊದಲು ನಮ್ಮ ಕಾಲು ನೋಡಿದರು.

"ಬಸ್ಸು ನಿಲ್ಲೋ ಚೋಪತಾದಿಂದ ತುಂಗನಾಥದ ಮಟ ದಾರಿ ಬಿಡಿಸ್ಯಾರ, ತೊಂದ್ರಿ ಇಲ್ಲ. ಅದರ ಮ್ಯಾಲ ಈ ವರ್ಷ ಹಿಮ ಇನ್ನೂ ಕರಗಿಲ್ರಿ. ಮುಂಜಾನೆ ಗಟ್ಟಿ ಇರತೈತಿ, ನಡೀಬಹುದು. ಆದ್ರ ಕೈಯಾಗಿನ ಕೋಲು ಬಿತ್ತು ಅಂದ್ರ ನಿಲ್ಲಂಗಿಲ್ಲ, ಜಾರಿಕೊಂತ ಕೆಳಗ ಹೋಗತೈತಿ. ಹನ್ನೊಂದು ಹೊಡೀತು ಅಂದ್ರ ಮೆತ್ತಗಾಗತೈತಿ. ಆಗ ಕಾಲಿಟ್ರ ತೊಡಿ ಮಟ ಹೂತು ಹೋಗ್ತೀರಿ. ಮಧ್ಯಾಹ್ನ ಮೋಡ ಕವಿತು ಅಂದ್ರ ಮುಂದಿನ ಮನುಷ್ಯಾ ಕಾಣಂಗಿಲ್ಲ. ಅಯ್ಯನೋರ, ಹನ್ನೊಂದರ ಒಳಗ ಇಳೀರಿ. ಹೋದ ವರ್ಷ ಒಬ್ಬಾತ ಇಳೀಲಿಲ್ಲ."

"ಏನಾತು ಅವನಿಗೆ?" ಎಂದೆ.

"ಶ್ರಾವಣದಾಗ ಸಿಕ್ಕ, ಹಿಮ ಕರಗಿದ ಮ್ಯಾಲ" ಎಂದರು ಹಾಲಸ್ವಾಮಿ.

ಇವರು ಮಾತ್ರ ಕೇಳಿಸದವರ ಹಾಗೆ ನಾಳೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಿದ್ದರು.

ತುಂಗನಾಥದಿಂದ ಮೇಲೆ ಹೊರಟವರು ನಾವು ನಾಲ್ಕೇ ಜನ. ನಾವಿಬ್ಬರು, ಗುರುಸಂಗಪ್ಪ, ದಾರಿ ತೋರಿಸಲು ಕುಂದನ್ ಸಿಂಗ್ ಎಂಬ ಬೆಟ್ಟದ ಮನುಷ್ಯ. ಬೆಳಗಿನ ಹಿಮ ನಿಜಕ್ಕೂ ಕಲ್ಲಿನಂತೆ ಗಟ್ಟಿ. ಕುಂದನ್ ಸಿಂಗ್ ಬೂಟಿನ ತುದಿಯಿಂದ ಒದ್ದು ಗುಳಿ ಮಾಡುವನು, ಆ ಗುಳಿಯಲ್ಲಿ ನಾವು ಕಾಲಿಡಬೇಕು. ನೀಲಿಯಾಗಿ ಹೊಳೆಯುವ ಕಡೆ ಕಾಲಿಡಬಾರದು, ಅದು ಗಾಜು ಎನ್ನುತ್ತಿದ್ದ. ಎಡಕ್ಕೆ ನೋಡಿದರೆ ಬರೀ ಇಳಿಜಾರು, ಬಿಳಿ, ಕೊನೆಯೇ ಕಾಣುತ್ತಿರಲಿಲ್ಲ. ಬಿಸಿಲು ಹಿಮಕ್ಕೆ ಬಡಿದು ಕಣ್ಣಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಇವರು ಕಪ್ಪು ಕನ್ನಡಕ ಪುಂಡರು ಹಾಕಿಕೊಳ್ಳುವುದು ಎಂದು ಹರಿದ್ವಾರದಲ್ಲೇ ಬೇಡ ಎಂದಿದ್ದರು. ತುದಿ ಮುಟ್ಟುವಷ್ಟರಲ್ಲಿ ಅವರ ಕಣ್ಣು ಕೆಂಪಗಾಗಿ ನೀರು ಸೋರುತ್ತಿತ್ತು.

ಒಂಬತ್ತೂವರೆಗೆ ತುದಿ ತಲುಪಿದೆವು. ಸುತ್ತ ಹಿಮದ ಬೆಟ್ಟಗಳ ಸಾಲು. ನನ್ನ ಬಾಯಿ ಕಟ್ಟಿತ್ತು, ಮೂವತ್ತೈದು ವರ್ಷದಲ್ಲಿ ಮೊದಲ ಸಲ ಎಂದು ಗುರುಸಂಗಪ್ಪ ಈಗಲೂ ಹೇಳುತ್ತಾನೆ. ನಮ್ಮವರು ಕಂಬಳಿ ಹಾಸಿ ಕುಳಿತರು. ಉಣ್ಣೆಯ ಕೈಗವಸು ಕಳಚಿದರು.

"ಬ್ಯಾಡ್ರಿ, ಬೆರಳು ಸೆಟೀತಾವ" ಎಂದೆ.

"ಕೈಗವಸು ಹಾಕ್ಕೊಂಡು ಲಿಂಗ ಮುಟ್ತಾರೇನಲೇ? ಬುದ್ಧಿ ಐತಿಲ್ಲ ನಿನಗ?"

ಕರಡಿಗೆ ತೆಗೆದು ಲಿಂಗವನ್ನು ಅಂಗೈ ಮೇಲಿಟ್ಟರು. ಬಾಟ್ಲಿಯ ನೀರು ಹನಿಸಿದರು. ಮಂಜುಗಡ್ಡೆಯಾಗಲು ಸ್ವಲ್ಪವೇ ಬಾಕಿಯಿದ್ದ ನೀರು. ಬೆರಳು ನೀಲಿಗಟ್ಟಿದ್ದವು, ಅಂಗೈಗೆ ಜೀವವೇ ಇರಲಿಲ್ಲ. ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದ ಹಾಗೆ ಕೈ ತುಸು ವಾಲಿತು. ವಾಲಿದ್ದು ಅವರಿಗೆ ತಿಳಿಯಲಿಲ್ಲ. ನನಗೆ ಕಂಡಿತು. "ರೀ!" ಎನ್ನುವಷ್ಟರಲ್ಲಿ ಲಿಂಗ ಕಂಬಳಿಯ ಮೇಲೆ ಬಿದ್ದು, ಅಲ್ಲಿಂದ ಹಿಮಕ್ಕೆ ಉರುಳಿ, ಗೋಲಿಯ ಹಾಗೆ ಸರ್ರನೆ ಜಾರಿತು. ಬಿಳಿಯ ಮೇಲೆ ಒಂದು ಕರಿ ಚುಕ್ಕೆ. ನೋಡುತ್ತಿದ್ದಂತೆ ಚುಕ್ಕೆಯೂ ಇಲ್ಲ.

ಅವರು ಕಣ್ಣು ಬಿಟ್ಟರು. ಖಾಲಿ ಅಂಗೈ ನೋಡಿದರು. ಮಗುಚಿ ಹಿಂದೆ ನೋಡಿದರು, ಅಲ್ಲಿ ಇರುವುದೇನೋ ಎನ್ನುವಂತೆ. ಆಮೇಲೆ ಎದ್ದು ಇಳಿಜಾರಿಗೆ ನುಗ್ಗಿಯೇಬಿಟ್ಟರು. ಎರಡು ಹೆಜ್ಜೆಗೆ ಕಾಲು ಹಾರಿ ದೊಪ್ಪನೆ ಬಿದ್ದು ಜಾರತೊಡಗಿದರು. ಕುಂದನ್ ಸಿಂಗ್ ಹಾರಿ ಅವರ ಕೋಟಿನ ಕಾಲರು ಹಿಡಿಯದಿದ್ದರೆ ನಾನು ಅಲ್ಲೇ ವಿಧವೆಯಾಗುತ್ತಿದ್ದೆ. ಗುರುಸಂಗಪ್ಪ ಕಂಬಳಿಯ ತುದಿ ಎಸೆದ. ಇಬ್ಬರೂ ಸೇರಿ ಎಳೆದು ಮೇಲೆ ತಂದು ಕೂಡಿಸಿದರು.

"ನೀವು ಇಳೀರಿ. ನಾ ಬರಂಗಿಲ್ಲ" ಎಂದರು ನಮ್ಮವರು.

"ಅಯ್ಯನೋರ, ಊಖೀಮಠದಾಗ ಹಾಲಸ್ವಾಮ್ಯಾರು ಹೊಸದು ಕಟ್ಟಿಸಿ ಕೊಡ್ತಾರ..." ಎಂದು ಗುರುಸಂಗಪ್ಪ ಬಾಯಿ ತೆರೆದ.

"ನನ್ನ ಬೀಗನ್ನ ಎಬ್ಬಿಸಿ ಕಳಿಸಿದಾವ ನಾನು. ಯಾವ ಮುಖ ಇಟ್ಕೊಂಡು ಹೊಸದು ಕಟ್ಟಿಸ್ಕೊಳ್ಳಲಿ? ಹೋಗ್ರಿ."

ಬೇಡಿಕೊಂಡೆ, ಬೈದೆ, ಮಗಳ ಹೆಸರು ಹೇಳಿ ಅತ್ತೆ. ಕಲ್ಲಿನ ಜೊತೆ ಮಾತಾಡಿದಂತಾಯಿತು. ಹತ್ತೂವರೆಯಾಯಿತು. ದಾರಿಯ ಹಿಮ ಆಗಲೇ ಕಾಲ ಕೆಳಗೆ ಕಚಕಚ ಎನ್ನತೊಡಗಿತ್ತು. ಕುಂದನ್ ಸಿಂಗ್ ಪಶ್ಚಿಮದ ಮೋಡ ತೋರಿಸಿ, ಇನ್ನು ಅರ್ಧ ಗಂಟೆ, ಆಮೇಲೆ ನಾನೂ ನಿಲ್ಲುವುದಿಲ್ಲ ಎಂದ. ಶ್ರಾವಣದಲ್ಲಿ ಸಿಕ್ಕ ಆ ಮನುಷ್ಯ ನನ್ನ ಕಣ್ಣ ಮುಂದೆ ಬಂದ. ಇವರ ಕಣ್ಣು ನೋಡಿದೆ. ಊದಿ ಮುಚ್ಚಿಕೊಂಡಿದ್ದವು.

ಆ ಕ್ಷಣ ತಲೆಗೆ ಬಂದದ್ದಕ್ಕೆ ನಾನೇ ಬೆಚ್ಚಿಬಿದ್ದೆ. "ನಾ ಹುಡುಕ್ತೀನಿ" ಎಂದು ಒಂದು ಬಂಡೆಯ ಹಿಂದೆ ಹೋದೆ. ಕುಪ್ಪಸದೊಳಗಿಂದ ನನ್ನ ಕರಡಿಗೆ ತೆಗೆದೆ. ಏಳು ವರ್ಷದವಳಿದ್ದಾಗ ಗುರುಗಳು ಕಟ್ಟಿದ್ದು. ಹೆರಿಗೆಯಲ್ಲಿ, ಜ್ವರದಲ್ಲಿ, ಅವ್ವ ಸತ್ತ ದಿನ ಕೂಡ ಕೊರಳಿಂದ ಇಳಿಯದ್ದು. ಲಿಂಗ ಹೊರಗೆ ತೆಗೆದು ಹಿಮದಲ್ಲಿ ಒಮ್ಮೆ ಹೊರಳಿಸಿದೆ. ಖಾಲಿ ಕರಡಿಗೆ ಹಗುರವಾಗಬಾರದೆಂದು ಒಳಗೆ ವಿಭೂತಿಯ ಗಟ್ಟಿಯ ಒಂದು ಚೂರು ಮುರಿದು ಹಾಕಿದೆ.

"ಸಿಕ್ತು ನೋಡ್ರಿ! ಕಲ್ಲಿನ ಸಂದ್ಯಾಗ ಇತ್ತು!"

ಆ ಕೂಗು ನನ್ನದೇ ಎಂದು ನಂಬಲಾಗಲಿಲ್ಲ. ಅವರು ಸೆಟೆದ ಎರಡೂ ಕೈ ಚಾಚಿದರು. ಲಿಂಗ ಇಟ್ಟೆ. ಕಣ್ಣಿಗೆ ಒತ್ತಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತರು. ಗುರುಸಂಗಪ್ಪ ನನ್ನ ಮುಖ ನೋಡಿ, ಏನು ಕಂಡಿತೋ ಏನೋ, ತಟ್ಟನೆ ಬೇರೆ ಕಡೆ ತಿರುಗಿದ. ತೊಡೆಯ ಮಟ ಹೂಳುತ್ತ, ಏಳುತ್ತ, ಮೋಡ ಕವಿಯುವ ಮೊದಲು ತುಂಗನಾಥ ಸೇರಿದೆವು.

ಸಂಜೆ ಚೋಪತಾದ ಚಹಾದಂಗಡಿಯಲ್ಲಿ ಬಿಸಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದರು. ಕೈ ಬೆಚ್ಚಗಾದ ಮೇಲೆ ಎದ್ದು ಮೂಲೆಗೆ ಹೋಗಿ ಪೂಜೆ ಮಾಡಿದರು. ತಟ್ಟೆ ಬಂತು. ಒಂದು ಗಳಿಗೆ ತಟ್ಟೆಯನ್ನೇ ನೋಡಿದರು. ಆಮೇಲೆ ರೊಟ್ಟಿ ಮುರಿದರು. "ನೀನೂ ಉಣ್ಣು" ಎಂದರು. ಲಿಂಗವಿಲ್ಲದೆ ಮೊದಲ ತುತ್ತು ಬಾಯಿಗಿಟ್ಟೆ. ಗಂಟಲಲ್ಲಿ ಇಳಿಯುತ್ತದೆಯೇ ಎಂದು ನೋಡಿದೆ. ಇಳಿಯಿತು. ಅದೇ ನನಗೆ ಇನ್ನೂ ದೊಡ್ಡ ಆಘಾತ.

ಊರಿಗೆ ಬಂದೆವು. ಹೊಸದು ಕಟ್ಟಿಸಿಕೊಳ್ಳೋಣವೆಂದರೆ ಕೊಟ್ಟೂರಿನಲ್ಲಿ ಗುಟ್ಟು ನಿಲ್ಲುತ್ತದೆಯೇ? ನಾನು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟಿರುತ್ತದೆ. ದಿನಾ ಒಲೆಯ ಮುಂದೆ ಕಳ್ಳಿಯ ಹಾಗೆ ನಿಂತು ಅಡುಗೆ ಮಾಡಿದೆ. ಸ್ನಾನ ಮಾಡಿ ಬಾಗಿಲು ಮುಚ್ಚಿಕೊಂಡು ವಿಭೂತಿ ಚೂರಿಗೆ ಕೈಮುಗಿದೆ.

ಇದರ ಮೇಲೆ ಅವರದೊಂದು ಹೊಸ ಕಾಟ. ಹಿಮದಲ್ಲಿ ಕಣ್ಣು ಕೆಟ್ಟಿವೆ, ಕೈ ನಡುಗುತ್ತವೆ ಎಂದು ದಿನಾ ಬೆಳಿಗ್ಗೆ ನನ್ನನ್ನು ಕರೆಯುವರು. ಲಿಂಗ ನನ್ನ ಅಂಗೈಗೆ ಹಾಕುವರು. "ನೀರು ಹಾಕು. ವಿಭೂತಿ ಹಚ್ಚು. ಪತ್ರಿ ಏರಿಸು. ಅವಸರ ಮಾಡಬ್ಯಾಡ." ಮುಟ್ಟಗೊಡದಿದ್ದ ಮನುಷ್ಯ! ನಾನು ಮಾಡುವೆ, ಅವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂಡುವರು. ಒಂದು ದಿನ ರೇಗಿತು.

"ಪೇಪರ್ ಓದಾಕ ಕಣ್ಣು ಕಾಣ್ತಾವ, ವಿಭೂತಿ ಹಚ್ಚಾಕ ಕಾಣಂಗಿಲ್ಲೇನು?"

"ಪೇಪರಿನ ಅಕ್ಷರ ದೊಡ್ಡವು" ಎಂದರು.

ಶ್ರಾವಣ ಮುಗಿಯಿತು. ಅದಾಗಿ ಹದಿನೈದು ದಿನಕ್ಕೆ ಅಂಚೆಯ ಬೊಮ್ಮಯ್ಯ ಒಂದು ರಿಜಿಸ್ಟರ್ ಪಾರ್ಸೆಲ್ ತಂದ. ಬಿಳಿ ಬಟ್ಟೆ ಸುತ್ತಿ ಹೊಲಿದಿದ್ದರು. "ಊಖೀಮಠದಿಂದ ಬಂದೈತ್ರಿ ಅಮ್ಮಾರ, ಪ್ರಸಾದ ಇರಬೇಕು" ಎಂದ. ಇವರು ಬಚ್ಚಲಲ್ಲಿದ್ದರು. ಸಹಿ ಮಾಡಿ ಒಳಗೆ ತಂದು ಕತ್ತರಿಯಿಂದ ಹೊಲಿಗೆ ಬಿಚ್ಚಿದೆ. ಹತ್ತಿಯೊಳಗೆ ಕರಿ ಲಿಂಗ.

ಅವರದೇ. ಒಳಗೆ ನೀರಿನ ಸದ್ದು ಇನ್ನೂ ಬರುತ್ತಿತ್ತು. ಇದನ್ನು ನನ್ನ ಕರಡಿಗೆಯಲ್ಲಿ ಹಾಕಿಕೊಂಡುಬಿಟ್ಟರೆ ಮುಗಿಯಿತು, ಜಗತ್ತಿಗೆ ಗೊತ್ತಾಗುವುದಿಲ್ಲ ಎಂದು ಕೈ ಕೊರಳಿಗೆ ಹೋಯಿತು. ಆಗ ಹತ್ತಿಯ ಕೆಳಗಿನ ಕಾಗದ ಕಂಡಿತು. ಹಾಲಸ್ವಾಮಿಯವರ ಅಕ್ಷರ.

'ವೀರಭದ್ರಯ್ಯನವರಿಗೆ ಶರಣು. ನೀವು ಹರಿದ್ವಾರದಿಂದ ಮೇ ೨೦ರಂದು ಬರೆದ ಕಾರ್ಡು ಹಾಗೂ ಒಂದು, ಎರಡು, ಮೂರನೇ ಜ್ಞಾಪನ ಪತ್ರಗಳು ತಲುಪಿದವು. ಹಿಮ ಈಗ ಪೂರ್ತಿ ಕರಗಿದೆ. ಕುಂದನ್ ಸಿಂಗ್ ನೀವು ತಿಳಿಸಿದ ಇಳಿಜಾರಿನ ಕೆಳಗೆ ಆರು ದಿನ ಹುಡುಕಿ ಹುಲ್ಲಿನಲ್ಲಿ ಇದನ್ನು ಕಂಡ. ತಾಯಿಯವರಿಗೆ ಅವರದು ಮರಳಿಸುವೆನೆಂದು ಬರೆದಿದ್ದೀರಿ. ಶುಭವಾಗಲಿ.'

ಮೇ ೨೦. ನಾವು ಬೆಟ್ಟ ಇಳಿದು ಎರಡೇ ದಿನ. ನಾನು ಲಿಂಗ, ಕಾಗದ ಎರಡನ್ನೂ ಹಿಡಿದುಕೊಂಡು ಬಾಗಿಲಲ್ಲೇ ಕುಳಿತೆ.

ಅವರು ಟವೆಲ್ ಸುತ್ತಿಕೊಂಡು ಬಂದವರು ನನ್ನ ಕೈಯಲ್ಲಿದ್ದುದನ್ನು ನೋಡಿದರು. "ಬಂತೇನು?" ಎಂದರು.

"ನಿಮಗ ಗೊತ್ತಿತ್ತು."

"ನಲವತ್ತೆಂಟು ವರ್ಷ ಹಿಡಿದ ಅಂಗೈ ಇದು. ಚೋಪತಾದಾಗ ಕೈ ಬೆಚ್ಚಗಾದ ಕೂಡ್ಲೆ ಗೊತ್ತಾತು."

"ಗೊತ್ತಾಗಿನೂ ಉಂಡ್ರಿ?"

"ನಾ ಉಣ್ಣದಿದ್ರ ನೀನೂ ಉಣ್ತಿದ್ದಿಲ್ಲ."

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. "ಹೇಳಾಕ ಏನಾಗಿತ್ತು ನಿಮಗ? ನಾಕು ತಿಂಗಳು ನಾ ಹೆಂಗ ಇದ್ದೆ ಗೊತ್ತೈತೇನು? ಒಂದು ಮಾತು ಆಡಾಕ ಬಾಯಿ ಬಿದ್ದು ಹೋಗಿತ್ತೇನು?"

ಅವರು ಎದುರಿಗೆ ನೆಲದ ಮೇಲೆ ಕುಳಿತರು. "ಬಾಯಿಬಿಟ್ಟು ಹೇಳಿದ್ರ ನಿನ್ನ ತಟ್ಟಿ ಮುಂದಿನಿಂದ ಎಬ್ಬಿಸಬೇಕಾಗ್ತಿತ್ತು. ಹಂಗ ಮಾಡಿದಾವ ನಾನ ಅಲ್ಲ? ಅದಕ್ಕ ದಿನಾ ನಿಂದು ನಿನ್ನ ಕೈಲೆ ಪೂಜಿ ಮಾಡಿಸಿದೆ. ನೀ ಮಾಡಿದ ಮ್ಯಾಲ ನಾ ಉಂಡೆ."

ಕೊರಳಿನಿಂದ ದಾರ ತೆಗೆದು ಕರಡಿಗೆ ಬಿಚ್ಚಿ ನನ್ನ ಲಿಂಗ ನನ್ನ ಅಂಗೈಯಲ್ಲಿಟ್ಟರು. ಅವರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ತಮ್ಮದನ್ನು ಎತ್ತಿಕೊಂಡು ಹಣೆಗೆ ಒತ್ತಿಕೊಂಡರು. ನಾನು ಜೋರಾಗಿ ಅತ್ತುಬಿಟ್ಟೆ. ಪಕ್ಕದ ಮನೆಯ ಅಂಜಿನಕ್ಕ ಏನಾಯಿತೋ ಎಂದು ಗೋಡೆಯಾಚೆಯಿಂದ ಕೂಗಿ ಕೇಳಿದಳು. "ಏನಿಲ್ಲಬೇ, ಕಣ್ಣಾಗ ಹೊಗಿ ಹೋಗೈತಿ" ಎಂದೆ.

ಪೂಜೆ ಇಬ್ಬರೂ ಒಟ್ಟಿಗೆ ಮಾಡಿದೆವು, ಅವರವರದು ಅವರವರು. ನಾನು ರೊಟ್ಟಿ ಬಡಿಯಲು ಎದ್ದೆ. ಅವರು ಕನ್ನಡಕ ಹಾಕಿಕೊಂಡು, ಗೂಡಿನಿಂದ ಒಂದು ಅಂಚೆ ಕಾರ್ಡು ತೆಗೆದುಕೊಂಡು ಕುಳಿತರು.

"ಈಗ ಯಾರಿಗೆ ಬರೀತೀರಿ?"

ಹಿಟ್ಟಿನ ಕೈಯಲ್ಲೇ ಹೋಗಿ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಮೇಲೆ ಹಿರೇಹಡಗಲಿಯ ಬೀಗರ ಹೆಸರಿತ್ತು. 'ವಿಷಯ: ನಮ್ಮ ಮನೆಗೆ ಊಟಕ್ಕೆ ಬರುವ ಬಗ್ಗೆ' ಎಂದು ಬರೆದು, ಕೆಳಗೆ ಗೆರೆ ಎಳೆಯುತ್ತಿದ್ದರು.