ಭಾರತಮ್ಮ ಪಾಠ ಮಾಡಿದ ದಿನ

ಮಗಳು ಮೇಷ್ಟ್ರಮ್ಮ ಆಗುವವರೆಗೆ ಅವಳ ಮದುವೆ ಮಾಡುವುದಿಲ್ಲ ಎಂದು ನನ್ನ ಹೆಂಡತಿ ಆಂಜಿನಮ್ಮನಿಗೆ ಮಾತು ಕೊಟ್ಟಿದ್ದೆ. ಪ್ಲೇಗಿನಲ್ಲಿ ಆಂಜಿನಮ್ಮ ಹೋಗುವಾಗ ಮಗಳು ಭಾರತಮ್ಮ ಇನ್ನೂ ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದಳು.

ಅವಳು ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆ ಪಾಸು ಮಾಡಿ, ಎರಡನೇ ಮಹಾಯುದ್ಧ ಶುರುವಾದ ವರ್ಷ ಕೋಲಾರದಲ್ಲಿ ಮೇಷ್ಟ್ರ ತರಬೇತಿಯನ್ನೂ ಮುಗಿಸಿದಳು. ಉಳಿದದ್ದು ಶಾಲಾ ಇನ್‌ಸ್ಪೆಕ್ಟರ ಎದುರು ಒಂದು ಪಾಠ. ಗೆದ್ದರೆ ಕೆಲಸ. ಸೋತರೆ ಶ್ರೀನಿವಾಸಪುರದ ಗಂಡು: ಹೆಂಡತಿ ಸತ್ತವನು, ನನ್ನಷ್ಟೇ ವಯಸ್ಸಿನವನು. ನನ್ನ ಅಕ್ಕ ದೊಡ್ಡಗಂಗಮ್ಮ ಗೊತ್ತುಮಾಡಿಟ್ಟಿದ್ದಳು.

"ಏನ್ಲಾ ಮುನಿರಾಮ, ಸತ್ತೋಳಿಗೆ ಕೊಟ್ಟ ಮಾತು ಇರೋಳ ಹೊಟ್ಟೆ ತುಂಬಿಸ್ತದಾ? ಫೇಲಾಗ್ಲಿ, ಶುಕ್ರವಾರವೇ ಎಲೆ ಅಡಿಕೆ ಬದಲಾಯಿಸಿಬಿಡ್ತೀನಿ."

ತಾಯಿಯಿಲ್ಲದ ಮಗುವನ್ನು ಸಾಕಿದವಳು ಅಕ್ಕನೇ. ಅವಳಿಗೆ ಎದುರಾಡುವ ಧೈರ್ಯ ನನಗಿರಲಿಲ್ಲ.

ಪಾಠ ನಡೆದದ್ದು ಮುಳಬಾಗಿಲಿನಾಚೆಯ ಒಂದು ಹಳ್ಳಿ ಶಾಲೆಯಲ್ಲಿ. ಮಗಳ ಜೊತೆಗೆ ಹೋಗಿದ್ದ ನಾನು ಕಿಟಕಿಯ ಹೊರಗೆ ಗೋಡೆಗೆ ಆತು ನಿಂತೆ. ಭಾರತಮ್ಮ ಹುಣಸೇಹಣ್ಣೊಂದನ್ನು ಎತ್ತಿ ಹಿಡಿದಳು.

"ಇದೇನು ಮಕ್ಕಳೇ?"

ಯಾರೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ತೆಲುಗಾಡುವ ಮಕ್ಕಳು. ಮೈಸೂರಿನಿಂದ ಬಂದಿದ್ದ ಇನ್‌ಸ್ಪೆಕ್ಟರ ಪೇಟ, ಕೋಟು ನೋಡಿ ಇದ್ದ ಕನ್ನಡವೂ ಹಾರಿಹೋಗಿತ್ತು. ಅವಳು ಮತ್ತೆ ಕೇಳಿದಳು. ದನಿ ನಡುಗಿತು. ಇನ್‌ಸ್ಪೆಕ್ಟರು ಜೇಬಿನಿಂದ ಗಡಿಯಾರ ತೆಗೆದರು.

ನನಗೆ ತಡೆಯಲಾಗಲಿಲ್ಲ. ಕಿಟಕಿಗೆ ಮುಖ ಹಚ್ಚಿ, ಹೇಳಿ ಎಂದು ತೆಲುಗಿನಲ್ಲಿ ಪಿಸುಗುಟ್ಟಿದೆ: "ಚೆಪ್ಪಂಡ್ರಾ, ಚಿಂತಪಂಡು!"

"ಚಿಂತಪಂಡು!" ಎಂದು ಇಡೀ ತರಗತಿ ಕೂಗಿತು.

ನಡೆಯುತ್ತಿದ್ದುದು ಕನ್ನಡ ಪಾಠ.

"ಯಾರ್ರೀ ಅದು?" ಇನ್‌ಸ್ಪೆಕ್ಟರು ತಿರುಗಿದರು. ಮಗಳನ್ನು ನಾನೇ ಬಾವಿಗೆ ನೂಕಿದಂತಾಯಿತು.

"ನಮ್ಮಪ್ಪ, ಸ್ವಾಮಿ." ಭಾರತಮ್ಮನ ಮುಖ ಬಿಳಿಚಿತ್ತು. "ಅಪ್ಪಾ, ಕಿಟಕೀಲಿ ಹೇಳ್ಕೊಡಬಾರ್ದು. ಒಳಗೆ ಬಂದು ಇವರ ಜೊತೆ ಕೂತ್ಕೋ."

ಮಕ್ಕಳ ನಡುವೆ ಚಾಪೆಯ ಮೇಲೆ ಕೂತೆ.

"ಚಿಂತಪಂಡು ಅಂದ್ರಿ, ಸರಿ. ಅದು ಮನೆ ಮಾತು. ಶಾಲೇಲಿ ಏನಂತೀವಿ? ಅಪ್ಪಾ, ನೀನು ಹೇಳು."

ದಿನವೂ ಆಡುವ ಹೆಸರು ನನ್ನ ಬಾಯಿಂದ ಹೊರಡಲಿಲ್ಲ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ನನ್ನನ್ನು ನೋಡಿ ಕಿಸಕ್ಕೆಂದಳು.

"ಅಯ್ಯೋ ತಾತಾ, ಹುಣಸೇಹಣ್ಣು!"

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಹುಳಿ ಎಂದರು, ಬೀಜ ಎಂದರು, ನಮ್ಮಮ್ಮ ಸಾರಿಗೆ ಹಾಕ್ತಾಳೆ ಎಂದರು. ಭಾರತಮ್ಮನ ದನಿಯ ನಡುಕ ನಿಂತಿತು.

ಪಾಠ ಮುಗಿಯಿತು. "ಪರೀಕ್ಷೆಗೆ ಅಪ್ಪನ್ನ ಕರ್ಕೊಂಡು ಬರೋದನ್ನ ತರಬೇತೀಲಿ ಹೇಳ್ಕೊಟ್ರೇನಮ್ಮಾ?" ಎಂದರು ಇನ್‌ಸ್ಪೆಕ್ಟರು. ಅವಳು ತಲೆ ತಗ್ಗಿಸಿದಳು. ನಾನು ಕಣ್ಣು ಮುಚ್ಚಿದೆ.

"ಆದ್ರೂ ಇಷ್ಟು ದೊಡ್ಡ ತುಂಟನ್ನ ಬೆತ್ತ ಮುಟ್ಟದೆ ಕೂರಿಸಿದೆಯಲ್ಲ. ನಮ್ಮ ಹಳೇ ಮೇಷ್ಟ್ರುಗಳಿಗೂ ಅದು ಬರಲ್ಲ. ಪಾಸು, ಹೋಗು."

ಮುಂದಿನ ಜೂನ್‌ನಲ್ಲಿ ಭಾರತಮ್ಮ ಆವನಿ ಕಡೆಯ ಒಂದು ಶಾಲೆಗೆ ಮೇಷ್ಟ್ರಮ್ಮನಾಗಿ ಸೇರಿದಳು. ಆಗ ಅವಳಿಗೆ ಮದುವೆಯಾಗಿರಲಿಲ್ಲ. ಆಂಜಿನಮ್ಮನಿಗೆ ಕೊಟ್ಟ ಮಾತು ನಡೆಯಿತು.